ಗುಜರಿಗೆ ಹಾಕುವ ಮೊದಲು ಬಾನೆಟ್ ಎತ್ತಿ ನೋಡಿ

ರಜೆಯ ದಿನ ಹಳೆಯ ಗಾಡಿಯ ಅಡಿಯಲ್ಲಿ ಮಲಗಿ ನಟ್ಟು ಬಿಚ್ಚುವವನನ್ನು ಕಂಡರೆ ನಮ್ಮ ಕಡೆ ಎರಡು ಮಾತು ಗ್ಯಾರಂಟಿ. ಒಂದು, ‘ಇವನಿಗೆ ಪಿರಾಂದ್’. ಎರಡು, ‘ಇದರಿಂದ ಎಂತ ಲಾಭ?’ ಮೊದಲನೆಯದಕ್ಕೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಎರಡನೆಯದಕ್ಕೆ ಕೊಡಲೇಬೇಕು. ನಮ್ಮ ಸಮುದಾಯದ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರುಂಟು. ನಾನೂ ಜೀನಸು ಅಂಗಡಿಯವರ ಮಗ. ಲಾಭ ನಷ್ಟದ ಪ್ರಶ್ನೆ ಕೇಳಿದರೆ ನನಗೆ ಬೇಸರ ಇಲ್ಲ. ಆದರೆ ಲೆಕ್ಕ ಬರೆಯುವುದಾದರೆ ಪೂರ್ತಿ ಬರೆಯಬೇಕು. ಖರ್ಚಿನ ಪುಟ ಮಾತ್ರ ಕೂಡಿಸಿ ‘ನಷ್ಟ’ ಎಂದು ಗೆರೆ ಎಳೆಯುವವನನ್ನು ಯಾವ ಧಣಿಯೂ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸುವುದಿಲ್ಲ.

ನನ್ನ ವಾದ ಇಷ್ಟೇ. ಹಳೆಯ ಪಿಕಪ್ ಒಂದನ್ನು ಹವ್ಯಾಸಕ್ಕೆ ಸರಿಮಾಡುವುದು ದುಂದು ಅಲ್ಲ. ಶೋರೂಮಿನ ಕೀಲಿಕೈಗೆ ಮಾತ್ರ ಗೌರವ ಕೊಟ್ಟು, ಗ್ರೀಸು ಮೆತ್ತಿದ ಕೈಯನ್ನು ಕಂಡರೆ ಮುಖ ಸಿಂಡರಿಸುವ ನಮ್ಮ ಹೊಸ ಅಭ್ಯಾಸ ಉಂಟಲ್ಲ, ಅದು ದುಂದು. ಆ ಅಭ್ಯಾಸದಿಂದ ನಾವು ಹಣ ಮಾತ್ರ ಕಳೆದುಕೊಳ್ಳುತ್ತಿಲ್ಲ, ಎರಡು ತಲೆಮಾರು ಕಷ್ಟಪಟ್ಟು ಸಂಪಾದಿಸಿದ ಒಂದು ವಿದ್ಯೆಯನ್ನೂ ಕಳೆದುಕೊಳ್ಳುತ್ತಿದ್ದೇವೆ.

ಗಾಡಿಯ ವಿಷಯ ಹೇಳುತ್ತೇನೆ. ಅದು 1990ರ ದಶಕದ ಕೊನೆಯ ಮಹೀಂದ್ರ ಪಿಕಪ್. ನಾಲ್ಕು ಸಿಲಿಂಡರಿನ ಎಂಡಿಐ ಡೀಸೆಲ್ ಎಂಜಿನ್, 2,523 ಸಿಸಿ. ಟ್ರ್ಯಾಕ್ಟರಿನ ಎಂಜಿನ್ ವಂಶದ್ದು, ಹಾಗಾಗಿ ಓಟ ಕಡಿಮೆ, ಎಳೆತ ಜಾಸ್ತಿ. ನಂಬರು ಪ್ಲೇಟು ಕೆಎಲ್-14, ನಮ್ಮ ಕಾಸರಗೋಡಿನದ್ದೇ. ಇಂತಹ ಗಾಡಿಗಳು ಒಂದು ಕಾಲದಲ್ಲಿ ಮಂಗಳೂರು ಬಂದರಿನ ಸಗಟು ಅಂಗಡಿಗಳಿಂದ ಅಕ್ಕಿ, ಸಕ್ಕರೆ, ಬೆಲ್ಲ, ಒಣಮೆಣಸು ತುಂಬಿಸಿಕೊಂಡು ನೇತ್ರಾವತಿ ಸೇತುವೆ ದಾಟಿ, ತಲಪಾಡಿ ದಾಟಿ, ಮಂಜೇಶ್ವರ, ಉಪ್ಪಳ, ಕುಂಬಳೆಯ ಅಂಗಡಿಗಳ ಬಾಗಿಲಿಗೆ ಬರುತ್ತಿದ್ದವು. 2017ರಲ್ಲಿ ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟು ಹೋಗುವ ತನಕ ಬಿಲ್ಲು ಹಿಡಿದು ಸಾಲು ನಿಲ್ಲುವುದು ಬೇರೆ. ಸಾಮಾನು ಇಳಿಯುವಾಗ ರಾತ್ರಿ ಹತ್ತು ಗಂಟೆ. ಉಪ್ಪ ಟಾರ್ಚು ಹಿಡಿದು ಮೂಟೆ ಎಣಿಸುತ್ತಿದ್ದರು, ನಾನು ಪುಸ್ತಕದಲ್ಲಿ ಗೆರೆ ಹಾಕುತ್ತಿದ್ದೆ. ನಮ್ಮ ಮನೆಯ ಅನ್ನ ಈ ಗಾಡಿಗಳ ಬೆನ್ನಿನ ಮೇಲೆ ಬಂದದ್ದು. ಈ ಮಾತು ನನ್ನೊಬ್ಬನದ್ದಲ್ಲ. ಇದನ್ನು ಓದುವ ಹೆಚ್ಚಿನ ಮನೆಗಳದ್ದು ಹೌದೋ ಅಲ್ಲವೋ ನೀವೇ ಹೇಳಿ.

ನಾನು ತಂದ ಗಾಡಿ ಆ ಕೆಲಸ ಮುಗಿಸಿ, ಆಮೇಲೆ ಮೀನು ಹೊತ್ತು, ಕೊನೆಗೆ ಒಂದು ಅಡಿಕೆ ತೋಟದ ಮೂಲೆಯಲ್ಲಿ ನಾಲ್ಕು ಮಳೆಗಾಲ ನಿಂತಿತ್ತು. ಗುಜರಿಯ ತೂಕದ ಲೆಕ್ಕದಲ್ಲಿ ಸಿಕ್ಕಿತು. ಮನೆಗೆ ಎಳೆದು ತಂದಾಗ ಉಪ್ಪ ಒಂದು ಸುತ್ತು ಬಂದು ನೋಡಿ, ‘ಮೋನೆ, ಈ ದುಡ್ಡಿಗೆ ಅಂಗಡಿಗೆ ಒಂದು ಫ್ರೀಜರ್ ಬರ್ತಿತ್ತು’ ಎಂದರು. ಅವರು ಹೇಳಿದ್ದು ಸರಿಯೇ, ಬರುತ್ತಿತ್ತು. ಆದರೆ ಫ್ರೀಜರ್ ನನಗೆ ಏನನ್ನೂ ಕಲಿಸುತ್ತಿರಲಿಲ್ಲ.

ಗಾಡಿ ಕಲಿಸಿದ್ದು ಏನು? ಮೊದಲ ಪಾಠ ತುಕ್ಕಿನದ್ದು. ಮೀನಿನ ಪೆಟ್ಟಿಗೆಯಿಂದ ಐಸು ಕರಗಿ ಇಳಿಯುವುದು ಉಪ್ಪುನೀರು. ಅದು ಹಲಗೆಯ ಸಂದಿನಿಂದ ಇಳಿದು ಚಾಸಿಯ ಮೂಲೆಗಳಲ್ಲಿ ಕೂತು ಒಳಗಿಂದ ತಿನ್ನುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ, ತುಕ್ಕು ತಿಂದದ್ದು ‘ಡಬ್’ ಎನ್ನುತ್ತದೆ. ‘ಡಬ್’ ಎಂದ ಜಾಗಕ್ಕೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಹಾಳಾದ ತಗಡನ್ನು ಒಳ್ಳೆಯ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿಯಬೇಕು. ಪಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಬಣ್ಣ ಗುಳ್ಳೆ ಏಳುತ್ತದೆ. ನಮ್ಮ ಕರಾವಳಿಯ ಮಳೆ ಮತ್ತು ಸಮುದ್ರದ ಗಾಳಿಯ ಮುಂದೆ ಯಾವ ಸುಳ್ಳೂ ಒಂದು ವರ್ಷಕ್ಕಿಂತ ಜಾಸ್ತಿ ಬಾಳುವುದಿಲ್ಲ.

ಎರಡನೆಯ ಪಾಠ ಹೊಗೆಯದ್ದು. ಗ್ಯಾರೇಜಿನಲ್ಲಿ ಎಲ್ಲರೂ ಆಶಾನ್ ಎಂದು ಕರೆಯುವ ನಮ್ಮ ಮೇಸ್ತ್ರಿಗೆ ಈಗ 68 ವರ್ಷ. ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರಿನ ಹಿಂದೆ ಅರ್ಧ ನಿಮಿಷ ನಿಂತರು, ಅಷ್ಟೇ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ: ಏರ್ ಫಿಲ್ಟರ್ ನೋಡು, ನಾಝಲ್ ನೋಡು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ: ರಿಂಗು, ಇಲ್ಲದಿದ್ದರೆ ವಾಲ್ವ್ ಗೈಡ್. ಬಿಳಿ ಬಂದರೆ ಡೀಸೆಲ್ ಸರಿಯಾಗಿ ಉರಿಯದೆ ಹೊರಗೆ ಬರುತ್ತಿದೆ. ಬಿಸಿಯಾದ ಮೇಲೂ ಬಿಳಿ ನಿಲ್ಲದೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ನನ್ನದು ನೀಲಿ. ಹೆಡ್ ತೆಗೆದು ಲೈನರಿನ ಮೇಲಂಚಿಗೆ ಉಗುರು ತಾಗಿಸಿದರೆ ಮೆಟ್ಟಿಲಿನ ಹಾಗೆ ತಡೆಯುತ್ತಿತ್ತು. ರಿಂಗು ಉಜ್ಜಿ ಉಜ್ಜಿ ಸವೆದ ಜಾಗ ಅದು. ಕ್ರ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಒಂದು ಜರ್ನಲ್ ದುಂಡಗಿಲ್ಲ, ಮೊಟ್ಟೆಯಾಕಾರ ಆಗಿದೆ. ಗ್ರೈಂಡಿಂಗ್ ಮಾಡಿಸಿ ಒಂದು ಸೈಜು ಕೆಳಗಿನ ಬೇರಿಂಗ್ ಹಾಕಬೇಕಾಯಿತು. ಪಂಪು ಮತ್ತು ನಾಝಲ್ ಮಂಗಳೂರಿಗೆ ಹೋಗಿ ಪರೀಕ್ಷೆಯಾಗಿ ಬಂದವು. ಹೆಡ್ ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗೆ ಹೋಗುತ್ತಾ, ಒಂದೇ ಸಲಕ್ಕೆ ಅಲ್ಲ, ಸುತ್ತು ಸುತ್ತಾಗಿ ಬಿಗಿಯಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟ ಕೂರುತ್ತದೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಮೂರು ವರ್ಷದ ಓದಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಿದೆ, ಲೇತಿನಲ್ಲಿ ಸ್ಟೆಪ್ ಟರ್ನಿಂಗ್ ಮಾಡಿದೆ, ಎಂಜಿನ್ನಿನ ಚಿತ್ರ ಬರೆದು ಬಾಣ ಎಳೆದು ಹೆಸರು ಬರೆದೆ. ನಾನು ಓದಿದ ಕಾಲೇಜಿನಲ್ಲಿ ಅರ್ಧ ಸೀಳಿದ ಎಂಜಿನ್ ಒಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಮೂರು ವರ್ಷದಲ್ಲಿ ಆ ಪೆಟ್ಟಿಗೆಯ ಬೀಗ ತೆಗೆದದ್ದನ್ನು ನಾನು ನೋಡಿಲ್ಲ. ಪುಸ್ತಕ ಓದಿದ್ದು ವ್ಯರ್ಥ ಎನ್ನುತ್ತಿಲ್ಲ. ಮೊಟ್ಟೆಯಾಕಾರ ಆದ ಜರ್ನಲ್ ಯಾಕೆ ಬೇರಿಂಗನ್ನು ತಿನ್ನುತ್ತದೆ ಎಂದು ನನಗೆ ಅರ್ಥವಾದದ್ದು ಆ ಓದಿನಿಂದಲೇ. ಆದರೆ ಪುಸ್ತಕ ಮತ್ತು ಕೈ ಒಂದೇ ಜಾಗದಲ್ಲಿ ಸೇರಿದ್ದು ಈ ಗಾಡಿಯಲ್ಲಿ ಮಾತ್ರ.

ಈಗ ಲೆಕ್ಕಕ್ಕೆ ಬರುವ. ಅಂಗಡಿಯವರ ಮಗನಾದ್ದರಿಂದ ಬಿಲ್ಲು ಇಟ್ಟುಕೊಂಡಿದ್ದೇನೆ. ಗಾಡಿಗೆ 52,000 ರೂಪಾಯಿ. ಎಂಜಿನ್ ಕೆಲಸ 68,000. ವೆಲ್ಡಿಂಗ್, ಟಿಂಕರಿಂಗ್, ಪೈಂಟು 45,000. ಐದು ಟಯರು 32,000. ಬ್ರೇಕು, ಕ್ಲಚ್ಚು, ಪ್ಲೇಟು 24,000. ವಯರಿಂಗ್ ಮತ್ತು ಬ್ಯಾಟರಿ 14,000. ಹಿಂದಿನ ಮರದ ಬಾಡಿ 11,000. ಒಟ್ಟು 2,46,000. ಇದು 27 ತಿಂಗಳಲ್ಲಿ ಆದ ಖರ್ಚು. ತಿಂಗಳಿಗೆ 9,000 ರೂಪಾಯಿ ಚಿಲ್ಲರೆ. ಕೈಯಲ್ಲಿ ಇದ್ದಾಗ ಕೆಲಸ ನಡೆಯಿತು, ಇಲ್ಲದಾಗ ಗಾಡಿ ಟಾರ್ಪಾಲಿನ ಅಡಿಯಲ್ಲಿ ಕಾದಿತು. ಯಾರಿಗೂ ಒಂದು ರೂಪಾಯಿ ಸಾಲ ಇಲ್ಲ.

ಇನ್ನೊಂದು ಪುಟ ನೋಡಿ. ನಮ್ಮ ಊರಿನ ಹುಡುಗ ಹೊಸ ಕಾರಿಗೆ ಹತ್ತು ಲಕ್ಷ ಸಾಲ ತೆಗೆಯುತ್ತಾನೆ ಎಂದಿಟ್ಟುಕೊಳ್ಳಿ. ಶೇಕಡಾ 9 ಬಡ್ಡಿ, ಏಳು ವರ್ಷ. ತಿಂಗಳ ಕಂತು 16,000 ದಾಟುತ್ತದೆ. ಏಳು ವರ್ಷಕ್ಕೆ ಕಟ್ಟುವ ಬಡ್ಡಿಯೇ ಮೂರೂವರೆ ಲಕ್ಷ. ನನ್ನ ಇಡೀ ಗಾಡಿಗೆ ಆದದ್ದಕ್ಕಿಂತ ಒಂದು ಲಕ್ಷ ಜಾಸ್ತಿ! ಆ ಬಡ್ಡಿಯನ್ನು ಯಾರೂ ದುಂದು ಎನ್ನುವುದಿಲ್ಲ, ಪಿರಾಂದ್ ಎನ್ನುವುದಿಲ್ಲ. ಬಾಗಿಲಿಗೆ ರಿಬ್ಬನ್ ಕಟ್ಟಿದ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಡ್ಡಿಯ ವಿಷಯದಲ್ಲಿ ನಮ್ಮ ಮದ್ರಸಗಳಲ್ಲಿ, ನಮ್ಮ ಮನೆಗಳಲ್ಲಿ ಏನು ಕಲಿಸುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ಆ ಪಾಠ ಶೋರೂಮಿನ ಮೆಟ್ಟಿಲ ಹತ್ತಿರ ಚಪ್ಪಲಿಯ ಜೊತೆ ಹೊರಗೆ ಉಳಿಯುತ್ತದೆ.

ಮನೆಗೆ ಒಂದು ಒಳ್ಳೆಯ ಕಾರು ಬೇಡ ಎಂದು ನಾನು ಹೇಳುತ್ತಿಲ್ಲ. ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಏರ್‌ಬ್ಯಾಗು, ಎಬಿಎಸ್ ಇರುವ ಗಾಡಿಯೇ ಬೇಕು. ನನ್ನ ಪಿಕಪ್ಪಿನಲ್ಲಿ ಅವೆರಡೂ ಇಲ್ಲ, ಅದರಲ್ಲಿ ನಾನು ಮಕ್ಕಳನ್ನು ಹೆದ್ದಾರಿಗೆ ಕರೆದುಕೊಂಡು ಹೋಗುವುದೂ ಇಲ್ಲ. ನಾನು ಕೇಳುವುದು ಒಂದೇ ಅಳತೆ. ಹವ್ಯಾಸಕ್ಕೆ ತಿಂಗಳಿಗೆ ಒಂಬತ್ತು ಸಾವಿರ ಹಾಕಿದವನನ್ನು ನಷ್ಟದವನು ಎನ್ನುವುದಾದರೆ, ಒಂದು ಗಂಟೆಯ ಮದುವೆ ಮೆರವಣಿಗೆಗೆ ದುಬಾರಿ ಕಾರು ಬಾಡಿಗೆ ತಂದು ಹೂ ಹೊದಿಸಿದವನನ್ನೂ ಅದೇ ಪುಟದಲ್ಲಿ ಬರೆಯಿರಿ.

ಮತ್ತೊಂದು ಕಲಂ ಉಂಟು, ಅದನ್ನು ಯಾರೂ ತುಂಬುವುದಿಲ್ಲ. ನನ್ನ 2,46,000 ಎಲ್ಲಿಗೆ ಹೋಯಿತು? ದೊಡ್ಡ ಪಾಲು ಹತ್ತು ಹದಿನೈದು ಕಿಲೋಮೀಟರಿನ ಒಳಗೇ ಉಳಿಯಿತು. ವೆಲ್ಡಿಂಗಿನವರಿಗೆ, ಲೇತಿನವರಿಗೆ, ಮರದ ಆಚಾರಿಗೆ, ವಯರಿಂಗ್ ಹುಡುಗನಿಗೆ, ಗುಜರಿ ಅಂಗಡಿಗೆ. ಅವರೆಲ್ಲ ನಮ್ಮ ಅಂಗಡಿಗೆ ಬಂದು ಅಕ್ಕಿ ಕೊಳ್ಳುವವರು. ಆ ಹಣ ನಮ್ಮ ಪೇಟೆಯಲ್ಲಿ ಇನ್ನೆರಡು ಸುತ್ತು ಹೊಡೆಯಿತು. ಸಾಲದ ಬಡ್ಡಿ ಯಾವ ಪೇಟೆಗೆ ಹೋಗುತ್ತದೆ, ಯಾರ ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತದೆ?

ಗುಜರಿ ಎಂದಾಗ ನಮ್ಮವರಲ್ಲೇ ಒಂದು ನಗು ಬರುತ್ತದೆ. ಗುಜರಿ ವ್ಯಾಪಾರದಲ್ಲಿ ಬ್ಯಾರಿಗಳು ಬಹಳ ಮಂದಿ ಇದ್ದಾರೆ, ಅದನ್ನು ನಮ್ಮನ್ನು ಹಂಗಿಸಲೂ ಬಳಸುತ್ತಾರೆ. ನನಗೆ ಅದರಲ್ಲಿ ನಾಚಿಕೆ ಕಾಣುವುದಿಲ್ಲ. ಈ ಗಾಡಿಯ ಗ್ಲಾಸ್ ಏರಿಸುವ ಹ್ಯಾಂಡಲ್, ಬಾಗಿಲ ಬಿಜಾಗರಿ, ಮೀಟರಿನ ಗಾಜು, ಇವೆಲ್ಲ ಹೊಸತು ಎಲ್ಲಿಯೂ ಸಿಗಲಿಲ್ಲ. ಮಂಗಳೂರಿನ ಒಂದು ಗುಜರಿ ಅಂಗಡಿಯ ಕಾಕ, ಬೆಟ್ಟದ ಹಾಗೆ ಬಿದ್ದ ಕಬ್ಬಿಣದ ರಾಶಿಗೆ ಕೈ ತೋರಿಸಿ, ‘ಆ ಹಳದಿ ಬಾಗಿಲಿನ ಅಡಿಯಲ್ಲಿ ನೋಡು’ ಎಂದರು. ಅಲ್ಲೇ ಇತ್ತು. ಕಂಪ್ಯೂಟರ್ ಇಲ್ಲ, ಬಾರ್‌ಕೋಡ್ ಇಲ್ಲ. ಯಾವ ವರ್ಷದ ಯಾವ ಗಾಡಿಯ ಯಾವ ಬೋಲ್ಟು ಇನ್ನೊಂದಕ್ಕೆ ಕೂರುತ್ತದೆ ಎನ್ನುವುದು ಅವರ ತಲೆಯಲ್ಲಿದೆ. ನನ್ನ ಜಗಳ ಅವರ ಜೊತೆ ಅಲ್ಲ. ತೂಕಕ್ಕೆ ಹಾಕುವ ಮೊದಲು ಒಮ್ಮೆಯೂ ಬಾನೆಟ್ ಎತ್ತಿ ನೋಡದ ಮಾಲೀಕರ ಜೊತೆ.

ಇನ್ನು ನಾಚಿಕೆಯ ವಿಷಯ. ಶಾರ್ಜಾದ ಗ್ಯಾರೇಜಿನಲ್ಲಿ ಕೆಲಸ ಎಂದರೆ ನಮ್ಮಲ್ಲಿ ಹೆಣ್ಣು ಕೊಡುತ್ತಾರೆ. ಉಪ್ಪಳದ ಗ್ಯಾರೇಜಿನಲ್ಲಿ ಎಂದರೆ ‘ಬೇರೆ ಕಡೆ ನೋಡುವ’ ಎನ್ನುತ್ತಾರೆ. ಅದೇ ಗ್ರೀಸು, ಅದೇ ಹದಿನೇಳು ನಂಬರಿನ ಪಾನ. ಸಮುದ್ರ ದಾಟಿದರೆ ಕೆಲಸ, ದಾಟದಿದ್ದರೆ ಕೂಲಿ. ನಾನೂ ನಾಲ್ಕು ವರ್ಷ ಗಲ್ಫಿನಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದೆ. ಅಲ್ಲಿ ನನ್ನ ಬಟ್ಟೆಗೆ ಹಿಡಿದ ಆಯಿಲನ್ನು ಊರಿನವರು ಯಾರೂ ನೋಡಲಿಲ್ಲ, ರಜೆಗೆ ಬಂದಾಗ ಹಚ್ಚಿಕೊಂಡ ಸೆಂಟು ಮಾತ್ರ ನೋಡಿದರು. ಈಗ ಮನೆಯ ಅಂಗಳದಲ್ಲೇ ಅದೇ ಆಯಿಲ್ ಕಂಡರೆ, ‘ಓದಿದ ಹುಡುಗ, ಪಾಪ’ ಎನ್ನುತ್ತಾರೆ. ಈ ‘ಪಾಪ’ ಎನ್ನುವ ಮಾತಿನಿಂದ ಎಷ್ಟು ಹುಡುಗರು ಒಳ್ಳೆಯ ಕೆಲಸ ಬಿಟ್ಟು, ಗೊತ್ತಿಲ್ಲದ ಕೆಲಸಕ್ಕೆ ವಿಸಾ ಹುಡುಕುತ್ತಿದ್ದಾರೆ ಎಂದು ಹಿರಿಯರು ಒಮ್ಮೆ ಯೋಚಿಸಬೇಕು.

ಆಶಾನ್ ವಿಷಯ ಮುಗಿದಿಲ್ಲ. ಅವರ ಗ್ಯಾರೇಜು ಹೆದ್ದಾರಿಯ ಬದಿಯಲ್ಲಿತ್ತು. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ 66 ಆರು ಪಥ ಆದಾಗ ಮುಂಭಾಗ ಹೋಯಿತು. ಈಗ ಒಳರಸ್ತೆಯಲ್ಲಿ ಬಾಡಿಗೆಯ ಶೆಡ್ಡು. ತುಳುವಿನಲ್ಲಿ ಬೈಯುತ್ತಾರೆ, ಮಲಯಾಳದಲ್ಲಿ ಚೌಕಾಸಿ ಮಾಡುತ್ತಾರೆ, ಬ್ಯಾರಿಯಲ್ಲಿ ಸಮಾಧಾನ ಹೇಳುತ್ತಾರೆ, ಬಿಲ್ಲು ಕನ್ನಡದಲ್ಲಿ ಬರೆಯುತ್ತಾರೆ. ಅವರ ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಕೈಯಾಳು ಎಂದು ಇರುವುದು ಒಡಿಶಾದ ಒಬ್ಬ ಹುಡುಗ, ಜಾಣ, ಕಿವಿಯಲ್ಲೇ ಟ್ಯಾಪೆಟ್ ಶಬ್ದ ಹಿಡಿಯುತ್ತಾನೆ. ಹತ್ತು ವರ್ಷ ಕಳೆದರೆ ಈ ಪೇಟೆಯಲ್ಲಿ ಆ ಕೆಲಸ ಗೊತ್ತಿರುವವನು ಅವನೊಬ್ಬನೇ. ಅವನು ಕಲಿತದ್ದಕ್ಕೆ ನನಗೆ ಹೊಟ್ಟೆಕಿಚ್ಚು ಇಲ್ಲ, ಬೆವರು ಸುರಿಸಿ ಕಲಿತಿದ್ದಾನೆ. ಆದರೆ ನಮ್ಮ ಹುಡುಗರಿಗೆ ಆ ಶೆಡ್ಡಿನ ಬಾಗಿಲು ಮುಚ್ಚಿದವರು ಯಾರು? ಆಶಾನ್ ಅಲ್ಲ. ‘ಅಲ್ಲಿಗೆ ಹೋಗಿ ಕೂರಬೇಡ’ ಎಂದ ನಾವೇ.

ಹವ್ಯಾಸದ ಗಾಡಿಯ ದೊಡ್ಡ ಉಪಯೋಗ ಇರುವುದು ಇಲ್ಲಿ. ದುಡಿಯುವ ಗಾಡಿಯನ್ನು ಗ್ಯಾರೇಜಿಗೆ ತಂದವನಿಗೆ ಸಂಜೆಯೊಳಗೆ ಗಾಡಿ ಬೇಕು, ಅಲ್ಲಿ ಮೇಸ್ತ್ರಿಗೆ ಕಲಿಸಲು ಪುರುಸೊತ್ತಿಲ್ಲ. ಹವ್ಯಾಸದ ಗಾಡಿಗೆ ಅವಸರ ಇಲ್ಲ. ಒಂದು ಬೋಲ್ಟು ಬಿಚ್ಚಲು ಅರ್ಧ ದಿನ ಹೋದರೂ ಯಾರ ಹೊಟ್ಟೆಗೂ ಹೊಡೆತ ಇಲ್ಲ. ಕಲಿಯುವವನಿಗೆ ಬೇಕಾದದ್ದು ಇಂತಹ ಗಾಡಿ.

ಈಗ ಹಳೆಯ ಗಾಡಿ ಎಂದರೆ ಮೊಬೈಲು ಹಿಡಿದು ಓಡಿಬರುವ ಹುಡುಗರಿಗೂ ಎರಡು ಮಾತು. ಎತ್ತರದ ಟಯರು, ಕಣ್ಣಿಗೆ ಹೊಡೆಯುವ ಎಲ್‌ಇಡಿ, ಮನೆಯ ಗೋಡೆ ಅದುರುವ ಸೈಲೆನ್ಸರ್, ಬೇರೆ ಗಾಡಿಯ ಎಂಜಿನ್ ತುರುಕುವುದು, ಇದನ್ನು ರಿಸ್ಟೋರೇಶನ್ ಎಂದು ಕರೆಯಬೇಡಿ. ಅದು ವೇಷ. ಗಾಡಿ ಕಾರ್ಖಾನೆಯಿಂದ ಹೇಗೆ ಹೊರಗೆ ಬಂತೋ ಹಾಗೆ ನಿಲ್ಲಿಸುವುದು ರಿಸ್ಟೋರೇಶನ್. ಇದು ನನ್ನ ಹಠ ಮಾತ್ರ ಅಲ್ಲ, ಕಾನೂನೂ ಹೌದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ್ದೇ ಒಂದು ಪ್ರಕರಣದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿದೆ. ನಿಮ್ಮ ರೀಲ್ ಮೂವತ್ತು ಸೆಕೆಂಡಿನದ್ದು, ಫೈನು ಮನೆಗೆ ಬರುತ್ತದೆ. ಅದಕ್ಕಿಂತ ಮುಖ್ಯ, ನಿಮ್ಮನ್ನು ನೋಡಿ ಹಿರಿಯರು ಹಳೆಯ ಗಾಡಿ ಮುಟ್ಟುವವರೆಲ್ಲ ಪೋಕರಿಗಳು ಎಂದುಕೊಳ್ಳುತ್ತಾರೆ.

ಸರಕಾರದ ಲೆಕ್ಕವೂ ಅರ್ಧ ಪುಟದ್ದೇ. ಕೇಂದ್ರದ ಗುಜರಿ ನೀತಿ 2021ರ ಆಗಸ್ಟಿನಲ್ಲಿ ಬಂತು. 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ಗೂಡ್ಸ್ ಗಾಡಿಗಳಿಗೆ ಫಿಟ್‌ನೆಸ್ಸಿನ ಲೆಕ್ಕ ಬೇರೆಯೇ. ಇನ್ನೊಂದು ಕಡೆ 2021ರಲ್ಲೇ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಬಂತು: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಹಾಗಾದರೆ 15ರಿಂದ 50ರ ನಡುವಿನ 35 ವರ್ಷ ಗಾಡಿ ಏನು ಮಾಡಬೇಕು? ರಾಜರ, ಧಣಿಗಳ ಕಾರು ಬಂಗಲೆಯ ನೆರಳಿನಲ್ಲಿ ಆ 35 ವರ್ಷ ಕಾಯಬಲ್ಲದು. ಅಕ್ಕಿ ಮೂಟೆ ಹೊತ್ತ ಪಿಕಪ್ ಕಾಯುವುದಿಲ್ಲ, ಅಷ್ಟರೊಳಗೆ ಕರಗಿ ಸರಳು ಆಗಿರುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನಾನೂ ನೋಡಿ ಖುಷಿಪಟ್ಟವನು. ಅವನ್ನು ಕಾಪಾಡಿದವರಿಗೆ ಗೌರವ ಸಲ್ಲಬೇಕು. ಆದರೆ ನಮ್ಮ ಉಪ್ಪಂದಿರ ಅಂಗಡಿಗೆ ಸಾಮಾನು ತಂದ ಗಾಡಿಯನ್ನು ಕಾಪಾಡಲು ಬೇರೆ ಯಾರೋ ಬರುತ್ತಾರೆ ಎಂದು ಕಾಯುವುದು ನ್ಯಾಯವಲ್ಲ.

ಹೊಗೆಯ ಪ್ರಶ್ನೆ ಕೇಳುವವರಿಗೆ ನಾನು ಸುಳ್ಳು ಹೇಳುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ 2020ರ ಏಪ್ರಿಲಿನಿಂದ ಬಂದ ಬಿಎಸ್-6 ಎಂಜಿನ್ನಿನಷ್ಟು ಶುದ್ಧ ಅಲ್ಲ. ಎಷ್ಟು ರಿಪೇರಿ ಮಾಡಿದರೂ ಆಗುವುದಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರು ಬಾಡಿಗೆಗೆ ಓಡಿ ಕರಿಹೊಗೆ ಬಿಡುವ ಗಾಡಿಯ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆ ಹೊಗೆ ರಸ್ತೆಬದಿಯ ನಮ್ಮ ಅಂಗಡಿಗಳ ಒಳಗೇ ಬರುತ್ತದೆ. ಆದರೆ ರಿಂಗು, ನಾಝಲ್ ಸರಿಯಾಗಿ, ಹೊಗೆ ಪರೀಕ್ಷೆಯಲ್ಲಿ ಪಾಸಾಗಿ, ವಾರಕ್ಕೊಮ್ಮೆ ಹತ್ತು ಕಿಲೋಮೀಟರು ಓಡುವ ಹವ್ಯಾಸದ ಗಾಡಿಯನ್ನೂ ಅದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಓಡುವ ದೂರದ ಮೇಲೆ, ಬಿಡುವ ಹೊಗೆಯ ಮೇಲೆ ನಿಯಮ ಮಾಡಿ, ಒಪ್ಪುತ್ತೇನೆ. ಹುಟ್ಟಿದ ವರ್ಷವನ್ನು ಮಾತ್ರ ನೋಡಿ ತೀರ್ಪು ಕೊಟ್ಟರೆ ಒಪ್ಪುವುದಿಲ್ಲ.

ನನ್ನ ತಂಗಿಯ ಮಗಳಿಗೆ ಹನ್ನೆರಡು ವರ್ಷ. ಒಂದು ದಿನ ಡೀಸೆಲ್ ಖಾಲಿಯಾಗಿ ಪೈಪಿಗೆ ಗಾಳಿ ಹೊಕ್ಕು ಗಾಡಿ ಚಾಲೂ ಆಗಲಿಲ್ಲ. ‘ಮಾಮ, ನಾನು ಮಾಡ್ಲಾ?’ ಎಂದು ಪಾನ ತೆಗೆದುಕೊಂಡಳು. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕಾದು, ಸ್ಕ್ರೂ ಬಿಗಿದಳು. ಎಂಜಿನ್ ಎರಡನೇ ಸೆಲ್ಫಿಗೆ ಹಿಡಿಯಿತು. ‘ಹೆಣ್ಣು ಮಗು ಇದೆಲ್ಲ ಕಲಿತು ಎಂತ ಮಾಡ್ಲಿಕ್ಕುಂಟು?’ ಎಂದು ಮನೆಗೆ ಬಂದಿದ್ದ ನೆಂಟರೊಬ್ಬರು ಕೇಳಿದರು. ಅವರ ಪ್ರಶ್ನೆಗೆ ಅವಳೇ, ‘ಗಾಡಿ ಚಾಲೂ ಮಾಡ್ಲಿಕ್ಕೆ’ ಎಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಕೊನೆಗೆ ನಾನು ಕೇಳುವುದು ಮೂರು ವಿಷಯ. ಒಂದು, ನಿಮ್ಮ ತೋಟದ ಮೂಲೆಯಲ್ಲಿ ಹಳೆಯ ಪಿಕಪ್, ಜೀಪು, ಮಟಡಾರ್ ಏನಾದರೂ ನಿಂತಿದ್ದರೆ ತೂಕಕ್ಕೆ ಹಾಕುವ ಮೊದಲು ಒಬ್ಬ ಗೊತ್ತಿರುವ ಮೇಸ್ತ್ರಿಗೆ ತೋರಿಸಿ. ಚಾಸಿ ಗಟ್ಟಿ ಇದ್ದು ಕಾಗದಪತ್ರ ಸರಿ ಇದ್ದರೆ ಅದು ಉಳಿಯುವ ಗಾಡಿ. ಚಾಸಿಯೇ ಹೋಗಿದ್ದರೆ ಧೈರ್ಯವಾಗಿ ಗುಜರಿಗೆ ಕೊಡಿ, ಅದರ ಭಾಗಗಳಿಂದ ಇನ್ನೊಂದು ಗಾಡಿ ಬದುಕುತ್ತದೆ. ಎರಡು, ನಮ್ಮ ಜಮಾಅತ್‌ಗಳು, ಸಂಘಗಳು ಎಪ್ರಿಲ್ ಮೇ ರಜೆಯಲ್ಲಿ ಹುಡುಗರಿಗೆ ಕ್ರಿಕೆಟ್ ಟೂರ್ನಮೆಂಟಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ತೆಗೆದು ಒಂದು ಶೆಡ್ಡು, ಒಂದು ಪಾನಾ ಸೆಟ್ಟು, ಒಂದು ಕೆಟ್ಟುಹೋದ ಗಾಡಿ ಕೊಡಲಿ. ಕಲಿಸುವುದಕ್ಕೆ ಆಶಾನ್‌ರಂತಹವರನ್ನು ಕರೆಯಲಿ, ಬಿಟ್ಟಿಯಾಗಿ ಅಲ್ಲ, ಮರ್ಯಾದೆಯ ಸಂಬಳ ಕೊಟ್ಟು. ಡಿಪ್ಲೊಮಾ ಓದುವ ಮಕ್ಕಳು ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದನ್ನು ಇಲ್ಲಿ ಕೈಯಲ್ಲಿ ಬಿಚ್ಚಲಿ. ಮೂರು, ಹುಡುಗನಿಗೆ ಹೆಣ್ಣು ನೋಡುವಾಗ ‘ಎಲ್ಲಿ ಕೆಲಸ’ ಎಂದು ಕೇಳುವ ಜೊತೆಗೆ ‘ಎಂತ ಕೆಲಸ ಬರುತ್ತದೆ’ ಎಂದೂ ಕೇಳಿ.

ಆಶಾನ್ ಇನ್ನೂ ಬೆಳಗ್ಗೆ ಎಂಟೂವರೆಗೆ ಶೆಡ್ಡು ತೆಗೆಯುತ್ತಾರೆ. ಶುಕ್ರವಾರ ಜುಮಾ ಮುಗಿಸಿ ಮೂರು ಗಂಟೆಯ ನಂತರ ನಾನೂ ಅಲ್ಲೇ ಇರುತ್ತೇನೆ. ಮಕ್ಕಳನ್ನು ಕಳಿಸಿ. ಹಳೆಯ ಅಂಗಿ ಹಾಕಿ ಕಳಿಸಿ.